ತಲೆಯ ಲೆಕ್ಕ, ಹೆಜ್ಜೆಯ ಲೆಕ್ಕ: ಕೊಡಗಿನ ಅಂಗನವಾಡಿಗಳನ್ನು ಅಳೆಯುವುದು ಹೇಗೆ?

ಒಂದೂರಿಗೆ ಅಂಗನವಾಡಿ ಬೇಕೋ ಬೇಡವೋ ಎಂಬುದನ್ನು ಸರ್ಕಾರ ತಲೆ ಎಣಿಸಿ ತೀರ್ಮಾನಿಸುತ್ತದೆ. 400ರಿಂದ 800 ಜನರಿರುವ ಕಡೆ ಒಂದು ಕೇಂದ್ರ, 1,600ರವರೆಗೆ ಎರಡು, ಆಮೇಲೆ ಪ್ರತಿ 800 ಜನಕ್ಕೆ ಇನ್ನೊಂದು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 300 ಜನರಿದ್ದರೂ ಸಾಕು. 150 ಜನರಿದ್ದರೆ ಮಿನಿ ಅಂಗನವಾಡಿ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದಿದ್ದರೆ ಊರಿನವರೇ ಕೇಳಿ ಪಡೆಯಬಹುದು. ಈ ನಿಯಮಗಳಲ್ಲೆಲ್ಲ ಜನರ ಸಂಖ್ಯೆ ಇದೆ, ಮಕ್ಕಳ ಸಂಖ್ಯೆ ಇದೆ. ಕಿಲೋಮೀಟರ್ ಎಂಬ ಪದ ಮಾತ್ರ ಇಲ್ಲ.

ಅದೇ ಮಗುವಿಗೆ ಆರು ತುಂಬಲಿ, ಕಾನೂನಿನ ಭಾಷೆಯೇ ಬದಲಾಗುತ್ತದೆ. ಶಿಕ್ಷಣ ಹಕ್ಕಿನ ಪ್ರಕಾರ ಕರ್ನಾಟಕದಲ್ಲಿ 1ರಿಂದ 5ನೇ ತರಗತಿಯ ಶಾಲೆ 1 ಕಿಲೋಮೀಟರ್ ಒಳಗಿರಬೇಕು, 6ರಿಂದ 8ರದು 3 ಕಿಲೋಮೀಟರ್ ಒಳಗೆ. ಆರು ವರ್ಷದ ಕಾಲಿಗೆ ದೂರದ ರಕ್ಷಣೆ ಇದೆ, ಮೂರು ವರ್ಷದ ಕಾಲಿಗೆ ಇಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒಟ್ಟೊಟ್ಟಿಗೆ ಕಟ್ಟಿಕೊಂಡ ಮನೆಗಳು. ಅಲ್ಲಿ ತಲೆ ಎಣಿಸಿದರೆ ದೂರವನ್ನೂ ಎಣಿಸಿದ ಹಾಗೆಯೇ. ಕೊಡಗಿನಲ್ಲಿ ಊರೆಂದರೆ ಗದ್ದೆಯ ಮೇಲಂಚಿನ ಒಂದು ಐನ್‌ಮನೆ, ತೋಟದ ಆಚೆ ಇನ್ನೊಂದು ಮನೆ, ಹೊಳೆಯ ಮಗ್ಗುಲಿನ ಪೈಸಾರಿಯಲ್ಲಿ ನಾಲ್ಕು ಮನೆ, ಕಾಡಂಚಿನಲ್ಲೊಂದು ಬುಡಕಟ್ಟಿನವರ ಹಾಡಿ, ಎಸ್ಟೇಟಿನೊಳಗೆ ಕೂಲಿಕಾರರ ಒಂದು ಸಾಲು ಲೈನ್ ಮನೆ. ಹೀಗೆ ಚದುರಿದ ಊರಿನ ಮಕ್ಕಳ ಬಗ್ಗೆ ತಲೆಯ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಮುಚ್ಚುತ್ತದೆ ಎಂಬುದನ್ನು ಅಂಕಿಗಳನ್ನೇ ಇಟ್ಟುಕೊಂಡು ನೋಡಬೇಕಿದೆ.

ಮೊದಲು ನೆಲದ ಲೆಕ್ಕ. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಲ್ಲಿದ್ದವರು 5,54,519 ಮಂದಿ. ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಬೆಟ್ಟದಾಚೆಯ ನೆರೆ ಜಿಲ್ಲೆ ವಯನಾಡಿನಲ್ಲಿ 384. ನೆಲದ ಮೂರನೇ ಒಂದು ಭಾಗದಷ್ಟು ಕಾಡೆಂದು ಕಳೆದರೂ ಕೊಡಗಿನ ಸಾಂದ್ರತೆ 200ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಶೇ 1ರಷ್ಟು ಮಾತ್ರ.

ಇನ್ನು ಕೇಂದ್ರಗಳ ಲೆಕ್ಕ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಕೊಡಗಿನ ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ. ಆ ನೂರು ಬೆಳೆದು ರಾಜ್ಯದಲ್ಲಿ 65,911 ಅಂಗನವಾಡಿಗಳಾದವು. ಅವುಗಳಲ್ಲಿ 3,331 ಮಿನಿ ಆಗಿದ್ದವು. ರಾಜ್ಯದ 6.11 ಕೋಟಿ ಜನರನ್ನು ಇಷ್ಟು ಕೇಂದ್ರಗಳಿಗೆ ಹಂಚಿದರೆ ಒಂದೊಂದಕ್ಕೆ 927 ಜನ. 1,91,791 ಚದರ ಕಿಲೋಮೀಟರ್ ನೆಲವನ್ನು ಹಂಚಿದರೆ ಒಂದೊಂದಕ್ಕೆ 2.9 ಚದರ ಕಿಲೋಮೀಟರ್.

927 ಜನಕ್ಕೊಂದು ಎಂಬ ಈ ಸರಾಸರಿಯನ್ನು ಕೊಡಗಿಗೆ ಹಾಗೆಯೇ ಹಚ್ಚಿದರೆ ಜಿಲ್ಲೆಗೆ 598 ಕೇಂದ್ರ ಸಾಕು. ಆದರೆ ಒಂದೊಂದು ಕೇಂದ್ರದ ಹೆಗಲಿಗೆ ಆಗ 6.9 ಚದರ ಕಿಲೋಮೀಟರ್ ನೆಲ ಬೀಳುತ್ತದೆ. ರಾಜ್ಯದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಇದನ್ನು ಒಂದು ವೃತ್ತವೆಂದು ಭಾವಿಸಿದರೆ ಅಂಚಿನ ಮನೆಯಿಂದ ನಡುವಿನ ಅಂಗನವಾಡಿಗೆ 1.5 ಕಿಲೋಮೀಟರ್. ರಾಜ್ಯದ ಸರಾಸರಿ ವೃತ್ತದಲ್ಲಿ ಅದೇ ದೂರ ಒಂದು ಕಿಲೋಮೀಟರಿಗೂ ಕಡಿಮೆ. ಜಿಲ್ಲೆಗೆ 800 ಕೇಂದ್ರಗಳೆಂದು ಧಾರಾಳವಾಗಿ ಹಿಡಿದರೂ ಒಂದೊಂದಕ್ಕೆ 5.1 ಚದರ ಕಿಲೋಮೀಟರ್ ಉಳಿಯುತ್ತದೆ. ಜನರ ಲೆಕ್ಕದಲ್ಲಿ ಆಗ 693ಕ್ಕೊಂದು ಕೇಂದ್ರ, ಅಂದರೆ ರಾಜ್ಯಕ್ಕಿಂತ ಎಷ್ಟೋ ಉತ್ತಮ ಸ್ಥಿತಿ ಎಂದು ವರದಿ ಬರೆಯಬಹುದು. ಅದೇ ಸಾಲಿನಲ್ಲಿ ನೆಲದ ಲೆಕ್ಕವನ್ನೂ ಬರೆದರೆ ರಾಜ್ಯಕ್ಕಿಂತ ಎಷ್ಟೋ ಹಿಂದೆ ಎಂದಾಗುತ್ತದೆ. ಎರಡೂ ನಿಜ. ಒಂದನ್ನೇ ಹೇಳುವುದು ತಪ್ಪು.

ಕೇರಳದ ಅಂಕಿಯನ್ನೂ ಪಕ್ಕಕ್ಕಿಟ್ಟು ನೋಡೋಣ. ಅಲ್ಲಿ 33,115 ಅಂಗನವಾಡಿಗಳು, 38,863 ಚದರ ಕಿಲೋಮೀಟರ್ ನೆಲ, 3.34 ಕೋಟಿ ಜನ. ಒಂದು ಕೇಂದ್ರಕ್ಕೆ ಸುಮಾರು 1,009 ಜನ, ಅಂದರೆ ಕರ್ನಾಟಕಕ್ಕಿಂತ ಹೆಚ್ಚು. ನೆಲ ಮಾತ್ರ 1.2 ಚದರ ಕಿಲೋಮೀಟರ್. ಕೇರಳದ ಟೀಚರಿಗೆ ಹೆಚ್ಚು ಜನ, ಕೇರಳದ ಮಗುವಿಗೆ ಕಡಿಮೆ ದಾರಿ. ಕುಟ್ಟದ ಗಡಿ ದಾಟಿ ಈ ಕಡೆ ಬಂದರೆ ಅದೇ ಮಳೆ, ಅದೇ ಕಾಫಿ, ಅದೇ ಮೆಣಸು. ಮನೆಗಳ ನಡುವಿನ ಅಂತರ ಬೇರೆ.

ಈ ವೃತ್ತಗಳೆಲ್ಲ ಹಕ್ಕಿ ಹಾರಿದ ದೂರವನ್ನು ಹೇಳುತ್ತವೆ. ಕೊಡಗಿನಲ್ಲಿ ಹಕ್ಕಿಯ ದಾರಿ ಬೇರೆ, ಕಾಲಿನ ದಾರಿ ಬೇರೆ. ಗದ್ದೆಯನ್ನು ಸುತ್ತಬೇಕು, ಹೊಳೆಗೆ ಸೇತುವೆ ಇರುವ ಕಡೆಗೇ ಹೋಗಬೇಕು, ತೋಟದ ಗೇಟು ಬಿಟ್ಟು ರಸ್ತೆ ಹಿಡಿಯಬೇಕು. ಹಿಂದಿನ ರಾತ್ರಿ ಆನೆ ಬಂದಿದೆ ಎಂದರೆ ಇನ್ನೂ ದೂರದ ದಾರಿ, ಇಲ್ಲವೇ ಆ ದಿನ ಹೋಗುವುದೇ ಇಲ್ಲ. ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರ್ ಇದ್ದದ್ದು ನಡೆಯುವಾಗ ಎರಡೂವರೆ ಆಗುವುದು ಇಲ್ಲಿ ಯಾರಿಗೂ ಹೊಸತಲ್ಲ.

ಒಂದು ಅಂಗನವಾಡಿಗೆ ಸಹಜವಾಗಿ ಎಷ್ಟು ಮಕ್ಕಳು ಸಿಗುತ್ತಾರೆ? 2020ರಲ್ಲಿ ಕರ್ನಾಟಕದ ಜನನ ಪ್ರಮಾಣ ಸಾವಿರಕ್ಕೆ 16.5. ಅದೇ ಪ್ರಮಾಣ ಕೊಡಗಿನಲ್ಲೂ ಇದೆ ಎಂದು ಹಿಡಿದರೆ 135 ಜನರ ಒಂದು ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಇಬ್ಬರು. ಮೂರರಿಂದ ಆರು ವರ್ಷದೊಳಗಿನವರು, ಅಂದರೆ ಮೂರು ವರ್ಷಗಳಲ್ಲಿ ಹುಟ್ಟಿದವರು, ಆರೋ ಏಳೋ ಮಂದಿ. ಕಾಡನ್ನು ಕಳೆದು 200 ಜನರ ಸಾಂದ್ರತೆ ಹಿಡಿದರೂ ಹತ್ತು. ಅವರಲ್ಲಿ ಕೆಲವರನ್ನು ಖಾಸಗಿ ಕಾನ್ವೆಂಟಿನ ವ್ಯಾನು ಗೇಟಿನ ಮುಂದೆಯೇ ಬಂದು ಹತ್ತಿಸಿಕೊಂಡು ಹೋಗುತ್ತದೆ. ಅರ್ಧದಷ್ಟು ಮಕ್ಕಳು ಅಂಗನವಾಡಿಗೆ ಬರುತ್ತಾರೆ ಎಂದರೂ 20 ಮಕ್ಕಳ ಒಂದು ಕೇಂದ್ರ ತುಂಬಲು ನಾಲ್ಕರಿಂದ ಆರು ಚದರ ಕಿಲೋಮೀಟರ್ ಸುತ್ತಬೇಕು. ಆದ್ದರಿಂದ ‘ಹಾಜರಾತಿ ಕಡಿಮೆ’ ಎಂಬ ಷರಾ ಕೊಡಗಿನ ಅನೇಕ ಕೇಂದ್ರಗಳ ಮೇಲೆ ಬೀಳುವುದಕ್ಕೆ ಟೀಚರಿನ ಸೋಮಾರಿತನ ಕಾರಣವಲ್ಲ, ನೆಲದ ಗುಣ ಕಾರಣ. ಕೇಳಿದರೆ ಕೊಡುವ ಅಂಗನವಾಡಿಯ ನಿಯಮವೂ ಇಲ್ಲಿ ಎಟುಕುವುದಿಲ್ಲ. ಆರು ವರ್ಷದೊಳಗಿನ 40 ಮಕ್ಕಳು ಸಿಗಬೇಕಾದರೆ ಇದೇ ಜನನ ಪ್ರಮಾಣದಲ್ಲಿ ಒಂದೇ ಕಡೆ 400 ಜನರಿರಬೇಕು. ಅಷ್ಟು ದೊಡ್ಡ ಹಾಡಿಗಳು ಎಷ್ಟಿವೆ?

ಈಗ ಹಣ. ಒಂದು ಕೇಂದ್ರದ ಖರ್ಚಿನಲ್ಲಿ ಎರಡು ಬಗೆ. ಮಕ್ಕಳು ಎಷ್ಟೇ ಇದ್ದರೂ ಬದಲಾಗದ ಖರ್ಚು ಒಂದು, ಮಗುವಿನ ಲೆಕ್ಕದಲ್ಲಿ ಏರಿಳಿಯುವುದು ಇನ್ನೊಂದು. ಬದಲಾಗದ್ದರಲ್ಲಿ ದೊಡ್ಡ ಪಾಲು ಕಾರ್ಯಕರ್ತೆ ಮತ್ತು ಸಹಾಯಕಿಯ ಗೌರವಧನ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ನಿಗದಿ ಮಾಡಿದ್ದು ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ. ಅದರಲ್ಲೂ ಕೇಂದ್ರದ ಪಾಲು ಶೇ 60. ಕರ್ನಾಟಕ ಅದರ ಮೇಲೆ ತನ್ನ ಹಣ ಸೇರಿಸಿ ಕಾರ್ಯಕರ್ತೆಯ ಗೌರವಧನವನ್ನು ಹತ್ತು ಸಾವಿರದ ಮೇಲಕ್ಕೆ ಒಯ್ದಿದೆ. 2025–26ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ ಇನ್ನೊಂದು ಸಾವಿರ, ಸಹಾಯಕಿಗೆ 750 ರೂಪಾಯಿ ಏರಿಸುವುದಾಗಿ ಘೋಷಿಸಿತು. ಲೆಕ್ಕ ಸುಲಭವಾಗಲೆಂದು ಇಬ್ಬರದೂ ಸೇರಿ ತಿಂಗಳಿಗೆ 18,000 ಎಂದು ದುಂಡಾಗಿ ಹಿಡಿಯುತ್ತೇನೆ. ವರ್ಷಕ್ಕೆ 2,16,000. ಶಾಲಾಪೂರ್ವ ಶಿಕ್ಷಣದ ಕಿಟ್‌ಗೆ ವರ್ಷಕ್ಕೆ 5,000. ಒಟ್ಟು 2,21,000 ರೂಪಾಯಿ.

ಏರಿಳಿಯುವ ಖರ್ಚು ಊಟದ್ದು. ದಿನಕ್ಕೆ ಒಂದು ಮಗುವಿಗೆ 8 ರೂಪಾಯಿ, ವರ್ಷಕ್ಕೆ 300 ದಿನ, ಅಲ್ಲಿಗೆ 2,400.

ಕುಶಾಲನಗರದ ಬಯಲಿನಲ್ಲಿ, ಮನೆಗಳು ಒತ್ತಾಗಿರುವ ಕಡೆ 30 ಮಕ್ಕಳ ಒಂದು ಕೇಂದ್ರ ಇದೆ ಎನ್ನೋಣ. ಮಡಿಕೇರಿಯ ಪಶ್ಚಿಮಕ್ಕೆ ಬೆಟ್ಟದೂರಿನಲ್ಲಿ 15 ಮಕ್ಕಳ ಇನ್ನೊಂದು. ದಕ್ಷಿಣದಲ್ಲಿ, ಪೊನ್ನಂಪೇಟೆಯ ಕಡೆಯ ಹಾಡಿಯಲ್ಲಿ 8 ಮಕ್ಕಳ ಮತ್ತೊಂದು. ಈ ಮೂರೂ ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಮಾದರಿಗಳು. ಮಗುವೊಂದಕ್ಕೆ ವರ್ಷದ ಖರ್ಚು ಮೊದಲನೆಯದರಲ್ಲಿ 9,767 ರೂಪಾಯಿ, ಎರಡನೆಯದರಲ್ಲಿ 17,133, ಮೂರನೆಯದರಲ್ಲಿ 30,025. ಹಾಡಿಯ ಮಗುವಿಗೆ ಬಯಲಿನ ಮಗುವಿನ ಮೂರು ಪಟ್ಟು. ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸಿದರೆ ಮೇಜಿನ ಮುಂದೆ ಕುಳಿತವರಿಗೆ ತೋಚುವುದು ಒಂದೇ. ಚಿಕ್ಕದನ್ನು ಮುಚ್ಚಿ, ದೊಡ್ಡದಕ್ಕೆ ಸೇರಿಸಿ.

ಆದರೆ ಈ ಭಾಗಾಕಾರದಲ್ಲಿ ಎರಡು ದೋಷಗಳಿವೆ. ಒಂದನೆಯದು, ಟೀಚರ್ ಮೂರರಿಂದ ಆರರ ಮಕ್ಕಳಿಗೆ ಮಾತ್ರ ಟೀಚರಲ್ಲ. ಗರ್ಭಿಣಿ, ಬಾಣಂತಿ, ಮೂರು ತುಂಬದ ಕೂಸುಗಳು ಎಲ್ಲರೂ ಅವಳ ದಾಖಲೆಯಲ್ಲಿದ್ದಾರೆ. ತೂಕ ನೋಡಬೇಕು, ಮನೆ ಭೇಟಿ ಮಾಡಬೇಕು, ಲಸಿಕೆಯ ದಿನ ತಾಯಂದಿರನ್ನು ಕರೆತರಬೇಕು, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು. 2025ರ ಜುಲೈನಿಂದ ಮನೆಗೊಯ್ಯುವ ಆಹಾರ ಕೊಡಲು ಫಲಾನುಭವಿಯ ಮುಖವನ್ನೂ ಮೊಬೈಲಿಗೆ ತೋರಿಸಬೇಕು. ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತುವ ಊರುಗಳಲ್ಲಿ ಇದು ಎಷ್ಟು ಹೊತ್ತಿನ ಕೆಲಸವೆಂದು ಹೇಳಬೇಕಿಲ್ಲ. ಗೌರವಧನದ ಅರ್ಧವನ್ನು ಈ ಕೆಲಸಗಳ ಖಾತೆಗೆ ಬರೆದರೆ ಹಾಡಿಯ ಮಗುವಿನ ತಲೆಯ ಮೇಲಿನ 30,025 ರೂಪಾಯಿ ಒಂದೇಟಿಗೆ 16,525ಕ್ಕೆ ಇಳಿಯುತ್ತದೆ.

ಎರಡನೆಯ ದೋಷ ದೊಡ್ಡದು. ಕೇಂದ್ರ ಮುಚ್ಚಿದರೆ ಸರ್ಕಾರದ ಪುಸ್ತಕದಿಂದ ಖರ್ಚು ಅಳಿಯುತ್ತದೆ, ಹಾಡಿಯ ಮನೆಗಳಿಂದ ಅಳಿಯುವುದಿಲ್ಲ. ಎಂಟು ಮಕ್ಕಳ ಕೇಂದ್ರವನ್ನು ಎರಡೂವರೆ ಕಿಲೋಮೀಟರ್ ದೂರದ ಇನ್ನೊಂದಕ್ಕೆ ಸೇರಿಸಿದರು ಎನ್ನಿ. ಮೂರು ವರ್ಷದ ಮಗು ಬೆಟ್ಟದ ದಾರಿಯಲ್ಲಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ಹೆಚ್ಚು. ತಾಯಿ ಮಗುವನ್ನು ಬಿಟ್ಟು ಬರುವುದಕ್ಕೆ ಹೋಗುವಾಗ ಒಂದೂಕಾಲು ಗಂಟೆ, ಒಬ್ಬಳೇ ಮರಳುವಾಗ ಅದರ ಅರ್ಧ. ಸಂಜೆ ಮತ್ತೆ ಅಷ್ಟೇ. ದಿನಕ್ಕೆ ಮೂರೂಮುಕ್ಕಾಲು ಗಂಟೆ. ಉದ್ಯೋಗ ಖಾತ್ರಿಯ 2025–26ರ ಕೂಲಿ 370 ರೂಪಾಯಿಯನ್ನೇ ಎಂಟು ಗಂಟೆಗೆ ಹಂಚಿದರೆ ಈ ಹೊತ್ತಿನ ಬೆಲೆ 173 ರೂಪಾಯಿ. 300 ದಿನಕ್ಕೆ 52,000. ಎಂಟು ಮಕ್ಕಳು ಐದು ಮನೆಗಳಿಂದ ಬರುತ್ತಾರೆ ಎಂದರೆ ಐದೂ ಮನೆಗಳ ನಷ್ಟ 2,60,000. ಸರ್ಕಾರ ಉಳಿಸಿದ್ದು 2,21,000.

ಐದು ಮನೆಯವರೂ ದಿನವೂ ನಡೆಯುವುದಿಲ್ಲ, ಸರದಿಯ ಮೇಲೆ ಒಬ್ಬರು ಎಲ್ಲ ಮಕ್ಕಳನ್ನೂ ಕರೆದೊಯ್ಯಬಹುದಲ್ಲ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ಆಗ ಖರ್ಚು ಒಬ್ಬರ 52,000ಕ್ಕೆ ನಿಲ್ಲುತ್ತದೆ. ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ, ಡಿಸೆಂಬರಿನಿಂದ ಫೆಬ್ರುವರಿ ದಾಟುವವರೆಗೆ, ಹಾಡಿ ಮತ್ತು ಲೈನ್ ಮನೆಗಳಲ್ಲಿ ಕೈಕಾಲು ಗಟ್ಟಿಯಿರುವ ಯಾರೂ ಬೆಳಗ್ಗೆ ಎಂಟರ ಮೇಲೆ ಮನೆಯಲ್ಲಿರುವುದಿಲ್ಲ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ತೋಟದ ಕೆಲಸಕ್ಕೂ ಅಂಗನವಾಡಿಯ ಬಾಗಿಲಿಗೂ ನಡುವೆ ಒಂದೂವರೆ ಗಂಟೆಯ ಅಂತರವಿದೆ. ಕೇಂದ್ರ ಹಾಡಿಯೊಳಗೇ ಇದ್ದರೆ ಆ ಹೊತ್ತನ್ನು ಅಜ್ಜಿಯೋ ಅಕ್ಕನೋ ತುಂಬುತ್ತಾರೆ. ಎರಡೂವರೆ ಕಿಲೋಮೀಟರ್ ಆಚೆಗಿದ್ದರೆ ತುಂಬುವವರಿಲ್ಲ. ಆಗ ಮಗು ತಾಯಿಯ ಜೊತೆ ತೋಟಕ್ಕೆ ಹೋಗುತ್ತದೆ, ಕಾಫಿ ಗಿಡದ ಬುಡದಲ್ಲಿ ಹಾಸಿದ ಚೀಲದ ಮೇಲೆ ಕೂರುತ್ತದೆ. ಅಥವಾ ಎಂಟು ವರ್ಷದ ಅಕ್ಕ ಶಾಲೆ ಬಿಡುತ್ತಾಳೆ. ಒಂದು ಅಂಗನವಾಡಿ ಮುಚ್ಚಿದ್ದರ ಪರಿಣಾಮ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯುವ ಜಿಲ್ಲೆ ಇದು. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೇಳಿತ್ತು. ದೊಡ್ಡ ಕಂಪನಿ ಎಸ್ಟೇಟುಗಳಿಗೆ ಅದು ಅನ್ವಯಿಸುತ್ತಿತ್ತು. ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹತ್ತಾರು ಎಕರೆಯ ತೋಟದಲ್ಲಿ ಐವತ್ತು ಹೆಣ್ಣಾಳುಗಳಿರುವುದಿಲ್ಲ. ಹತ್ತು ತೋಟಗಳ ಲೈನ್ ಮನೆಗಳನ್ನು ಕೂಡಿಸಿದರೆ ಇರುತ್ತಾರೆ, ಆದರೆ ಆ ಕಾಯ್ದೆ ಕೂಡಿಸಿ ಎಣಿಸುತ್ತಿರಲಿಲ್ಲ. ಅಲ್ಲಿನ ಮಕ್ಕಳಿಗೆ ಉಳಿದಿರುವುದು ಅಂಗನವಾಡಿಯೊಂದೇ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ಗಳನ್ನು ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಅದು ಒಳ್ಳೆಯ ಯೋಜನೆ. ಆದರೆ ಪಂಚಾಯಿತಿಗೊಂದು ಎಂದರೆ ಕೊಡಗಿನಲ್ಲಿ ಮತ್ತೆ ದೂರದ ಪ್ರಶ್ನೆಯೇ ಏಳುತ್ತದೆ.

ಹಾಡಿಗಳ ವಿಷಯದಲ್ಲಿ ಸರ್ಕಾರವೇ ಒಂದು ಹೆಜ್ಜೆ ಮುಂದಿಟ್ಟಿದೆ. ಅದನ್ನು ಒಪ್ಪಬೇಕು. ಜಿಲ್ಲೆಯ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಯರವರು, ಜೇನು ಕುರುಬರು, ಬೆಟ್ಟ ಕುರುಬರು ಇವರಲ್ಲಿ ಮುಖ್ಯರು. 2023ರ ನವೆಂಬರ್ 15ರಂದು ಆರಂಭವಾದ ಪಿಎಂ-ಜನ್‌ಮನ್ ಯೋಜನೆಯಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ವಸತಿಗಳಿಗೆ ದೇಶದಾದ್ಯಂತ 2,500 ಅಂಗನವಾಡಿಗಳು, ಒಂದೊಂದಕ್ಕೆ 12 ಲಕ್ಷ ರೂಪಾಯಿ. ಅಲ್ಲಿ 100 ಜನರಿದ್ದರೂ ಅಂಗನವಾಡಿ ಕೊಡಬಹುದು. ನಮ್ಮ ಜನನ ಪ್ರಮಾಣದ ಸೂತ್ರವನ್ನೇ ಹಚ್ಚಿದರೆ 100 ಜನರಲ್ಲಿ ಮೂರರಿಂದ ಆರರ ಮಕ್ಕಳು ಐವರು. ಐದು ಮಕ್ಕಳಿಗೆ ಒಂದು ಕೇಂದ್ರ ನ್ಯಾಯವೆಂದು ದೆಹಲಿಯೇ ಒಪ್ಪಿಕೊಂಡ ಮೇಲೆ ಎಂಟು ಮಕ್ಕಳ ಕೇಂದ್ರವನ್ನು ದುಬಾರಿ ಎನ್ನಲು ಬಾಯಿ ಬರಬಾರದು.

ಆದರೆ ಕರ್ನಾಟಕದಲ್ಲಿ ಆ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವುದು ಎರಡೇ ಸಮುದಾಯ, ಜೇನು ಕುರುಬರು ಮತ್ತು ಕೊರಗರು. ಯರವರು ಅದರಲ್ಲಿಲ್ಲ. ಕೊಡಗಿನ ದಕ್ಷಿಣದಲ್ಲಿ ಲೈನ್ ಮನೆಗಳಲ್ಲಿ ಹೆಚ್ಚಾಗಿ ಇರುವವರು ಯರವರೇ. ಅವರಿಗೆ 100 ಜನರ ನಿಯಮ ಇಲ್ಲ, 150ರದೋ 300ರದೋ ನಿಯಮ. ಅದೂ ಲೈನ್ ಮನೆಯನ್ನು ಒಂದು ವಸತಿಯೆಂದು ಯಾರಾದರೂ ಎಣಿಸಿದರೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಿಂದ ಎಬ್ಬಿಸಲಾದ ನೂರಾರು ಬುಡಕಟ್ಟು ಕುಟುಂಬಗಳು ತೋಟದ ಲೈನ್ ಮನೆ ಬಿಟ್ಟು ಬಂದು ತಮ್ಮದೇ ನೆಲ ಕೇಳಿದವರು. ಅವರಲ್ಲಿ ಬಹಳ ಮಂದಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಹಾಗೆ ಒಂದೆಡೆ ನೆಲೆ ನಿಂತಾಗ ಮಕ್ಕಳು ಲೆಕ್ಕಕ್ಕೆ ಬರುತ್ತಾರೆ, ತಲೆಯ ಲೆಕ್ಕವೂ ಕೆಲಸ ಮಾಡುತ್ತದೆ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಿರುವ ಕುಟುಂಬದ ಮಗು, ಅಸ್ಸಾಮಿನಿಂದ ಕೊಯ್ಲಿಗೆ ಬಂದ ಕೂಲಿಕಾರರ ಮಗು ಯಾವ ಅಂಗನವಾಡಿಯ ಪಟ್ಟಿಯಲ್ಲೂ ವರ್ಷಪೂರ್ತಿ ಉಳಿಯುವುದಿಲ್ಲ.

ಊಟದ 8 ರೂಪಾಯಿಗೆ ಮರಳುತ್ತೇನೆ. ಆ ಹಣದಲ್ಲಿ ಒಂದು ಮಗುವಿಗೆ 500 ಕಿಲೋ ಕ್ಯಾಲರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕು. 2008ರಲ್ಲಿ ಈ ದರ 4 ರೂಪಾಯಿ ಇತ್ತು, 2012ರಲ್ಲಿ 6, 2017ರಲ್ಲಿ 8. ಒಂಬತ್ತು ವರ್ಷಗಳಲ್ಲಿ ದುಪ್ಪಟ್ಟಾದದ್ದು ಆಮೇಲೆ ಅಲ್ಲಿಯೇ ನಿಂತಿತು. 2017ರ ಕೊನೆಗೆ 137ರ ಆಸುಪಾಸಿನಲ್ಲಿದ್ದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 195ರ ಸುತ್ತ ಇತ್ತು. ಅದರಂತೆ 8 ರೂಪಾಯಿಯ ಊಟ 2024ರಲ್ಲಿ 11 ರೂಪಾಯಿ 40 ಪೈಸೆ ಆಗಬೇಕಿತ್ತು. ದರ ಏರಿಸುವುದಾಗಿ 2025ರ ಫೆಬ್ರುವರಿಯ ಕೇಂದ್ರ ಬಜೆಟ್ ಭಾಷಣ ಹೇಳಿತು. ಕರ್ನಾಟಕದ ಮಕ್ಕಳಿಗೆ ಇದರ ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲಿದೆ, ವಾರಕ್ಕೆರಡು ಮೊಟ್ಟೆಯಿದೆ. ಇವಿಲ್ಲದಿದ್ದರೆ ಆ 8 ರೂಪಾಯಿಯ ತಟ್ಟೆ ತೀರಾ ಬರಿದಾಗುತ್ತಿತ್ತು. ಅಂಗಡಿಯಲ್ಲಿ ಒಂದು ಮೊಟ್ಟೆಗೆ ಆರೋ ಏಳೋ ರೂಪಾಯಿ ಆಗುವಾಗ, ಆ ಅಂಗಡಿಯೂ ಬಸ್ಸಿನ ದಾರಿಯಲ್ಲಿರುವಾಗ, ಟ್ರೇ ಮೊಟ್ಟೆಯನ್ನು ಒಡೆಯದಂತೆ ಹಾಡಿಯವರೆಗೆ ತರುವ ಆಟೋ ಬಾಡಿಗೆ ಯಾವ ಶೀರ್ಷಿಕೆಯಲ್ಲೂ ಇಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ, ಶೇ 65.5 ಮಕ್ಕಳಿಗೆ ರಕ್ತಹೀನತೆ ಇತ್ತು. ಮೊಟ್ಟೆಯ ಪ್ರಶ್ನೆ ಸಣ್ಣದಲ್ಲ.

ಮಳೆಯ ಲೆಕ್ಕವನ್ನೂ ಇಲ್ಲಿಯೇ ಸೇರಿಸಬೇಕು. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಮಳೆ ದೊಡ್ಡ ಸಂಗತಿಯಲ್ಲ. ಕುಶಾಲನಗರದಲ್ಲಿ ಅದರ ಕಾಲುಭಾಗ ಸುರಿದರೆ ಹೆಚ್ಚು. ಕಟ್ಟಡದ ದರ ಮಾತ್ರ ಎರಡೂ ಕಡೆ ಒಂದೇ. 12 ಲಕ್ಷದಲ್ಲಿ 8 ಲಕ್ಷ ಉದ್ಯೋಗ ಖಾತ್ರಿಯಿಂದ, 2 ಲಕ್ಷ ಹಣಕಾಸು ಆಯೋಗದ ಅನುದಾನದಿಂದ, 2 ಲಕ್ಷ ಇಲಾಖೆಯಿಂದ. ಕನಿಷ್ಠ 600 ಚದರ ಅಡಿಯ ಮಾಡು, ಅದರ ಮೇಲೆ ಭಾಗಮಂಡಲದಲ್ಲಿ ವರ್ಷಕ್ಕೆ ಬೀಳುವ ನೀರು 2 ಲಕ್ಷ 79 ಸಾವಿರ ಲೀಟರ್. ರಾಯಚೂರಿನ ಬಿಸಿಲಿಗೂ ಈ ಮಳೆಗೂ ಒಂದೇ ಅಂದಾಜುಪಟ್ಟಿ ಹೇಗೆ ಸರಿಹೋಗುತ್ತದೆ? ಇಳಿಜಾರಿನ ಮಾಡು, ಅಗಲ ಸೂರು, ಗೋಡೆಯ ಹಿಂದಿನ ಧರೆಗೆ ತಡೆಗೋಡೆ, ಇವು ಕೊಡಗಿನಲ್ಲಿ ಅಲಂಕಾರವಲ್ಲ. 2018, 2019, 2020ರ ಮೂರು ಆಗಸ್ಟ್‌ಗಳಲ್ಲಿ ಮಕ್ಕಂದೂರು, ತೋರ, ತಲಕಾವೇರಿಯ ಬೆಟ್ಟಗಳು ಕುಸಿದದ್ದನ್ನು ಕಂಡವರಿಗೆ ಇದು ಗೊತ್ತು.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗಲೆಲ್ಲ ಜಿಲ್ಲಾಧಿಕಾರಿಗಳು ಅಂಗನವಾಡಿ ಮತ್ತು ಶಾಲೆಗಳಿಗೆ ರಜೆ ಕೊಡುತ್ತಾರೆ. ಕೊಡಲೇಬೇಕು. ಆದರೆ ವರ್ಷದಲ್ಲಿ ಅಂಥ ಹದಿನೈದು ದಿನ ಬಂದರೆ, ಆ ಊಟ ಬೇರೆ ರೂಪದಲ್ಲಿ ಮನೆ ಸೇರದಿದ್ದರೆ, ಒಂದು ಮಗುವಿಗೆ ತಪ್ಪುವುದು 7,500 ಕಿಲೋ ಕ್ಯಾಲರಿ. ಅದೂ ಕಕ್ಕಡ ಮಾಸದಲ್ಲಿ, ತೋಟದ ಕೆಲಸ ನಿಂತು ಕೂಲಿ ಇಲ್ಲದ ದಿನಗಳಲ್ಲಿ. ತಾಯಂದಿರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ 2017ರ ಅಕ್ಟೋಬರ್ 2ರಂದು ಶುರುವಾದಾಗ ಮಲೆನಾಡಿನಲ್ಲಿ ಎದ್ದ ಪ್ರಶ್ನೆಯೂ ಇದೇ. ತುಂಬು ಗರ್ಭಿಣಿ ಒಂದು ಊಟಕ್ಕೆ ಎಷ್ಟು ದೂರ ನಡೆಯಬೇಕು?

ಈಗ ಹೊಸತೊಂದು ಪೈಪೋಟಿ ಬಂದಿದೆ. 2018–19ರಲ್ಲಿ 176 ಕಡೆ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳ ಜೊತೆ ಸರ್ಕಾರಿ ಶಾಲೆಗಳಿಗೂ ಎಲ್‌ಕೆಜಿ, ಯುಕೆಜಿ ಕಾಲಿಟ್ಟವು. ಸರ್ಕಾರಿ ಶಾಲೆಗಳಲ್ಲಿ ಇವನ್ನು ವಿಸ್ತರಿಸುವ ತೀರ್ಮಾನದ ವಿರುದ್ಧ 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಭಯಕ್ಕೆ ಅಂಕಿಯ ಆಧಾರವಿದೆ. 18 ಮಕ್ಕಳಿರುವ ಕೇಂದ್ರದಿಂದ ನಾಲ್ಕು ದಾಟಿದ 7 ಮಕ್ಕಳು ಹೋಬಳಿಯ ಎಲ್‌ಕೆಜಿಗೆ ಹೋದರೆ ಉಳಿಯುವುದು 11. ಬದಲಾಗದ ಖರ್ಚು ತಲೆಗೆ 12,278ರಿಂದ 20,091ಕ್ಕೆ ಏರುತ್ತದೆ. ಒಂದು ರೂಪಾಯಿಯೂ ಹೆಚ್ಚು ಖರ್ಚಾಗದೆ ಅಂಗನವಾಡಿ ‘ದುಬಾರಿ’ಯಾಗುತ್ತದೆ. ಬಿಟ್ಟುಹೋಗುವವರು ವಾಹನವೇರಬಲ್ಲ ಮನೆಯ ಮಕ್ಕಳು. ಉಳಿಯುವವರು ನಡೆಯುವವರು. ಅಪ್ಪ-ಅಮ್ಮಂದಿರನ್ನು ದೂರಲಾರೆ. ಇಂಗ್ಲಿಷ್ ಅಕ್ಷರ, ಸಮವಸ್ತ್ರ, ಒಂದನೇ ತರಗತಿಗೆ ನೇರ ದಾರಿ ಎಂಬ ಭರವಸೆ ಯಾರಿಗೆ ಬೇಡ? ಆದರೆ ಕೊಡಗಿನ ಮೂರು ವರ್ಷದ ಮಗು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ತುಳು ಇವುಗಳಲ್ಲಿ ಯಾವುದನ್ನೋ ಆಡುತ್ತ ಬರುತ್ತದೆ. ಅದಕ್ಕೆ ಕನ್ನಡವೇ ಎಷ್ಟೋ ಸಲ ಎರಡನೆಯ ಭಾಷೆ. ಆ ಭಾಷೆಯಲ್ಲಿ ಎರಡು ಮಾತಾಡಿ ಮಗುವಿನ ಅಳು ನಿಲ್ಲಿಸುವ ಶಕ್ತಿ ಅದೇ ಊರಿನ ಟೀಚರಿಗೆ, ಅದೇ ಹಾಡಿಯ ಸಹಾಯಕಿಗೆ ಇರುತ್ತದೆ.

ಹಾಗಾದರೆ ಹೆಚ್ಚು ಹಣವನ್ನು ಎಲ್ಲಿ ಹಾಕಬೇಕು? ಇದಕ್ಕೆ ನನಗೆ ತಿಳಿದ ಅತ್ಯಂತ ಗಟ್ಟಿಯಾದ ಉತ್ತರ ತಮಿಳುನಾಡಿನದು. ಅಲ್ಲಿನ 320 ಅಂಗನವಾಡಿಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಆಯ್ದ ಕೇಂದ್ರಗಳಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು, ಅವಳ ಕೆಲಸ ಮಕ್ಕಳಿಗೆ ಕಲಿಸುವುದಷ್ಟೇ. ಹದಿನೆಂಟು ತಿಂಗಳಲ್ಲಿ ಕಲಿಕೆಯ ಹೊತ್ತು ದುಪ್ಪಟ್ಟಾಯಿತು, ಗಣಿತ ಮತ್ತು ಭಾಷೆಯ ಅಂಕ ಸ್ಪಷ್ಟವಾಗಿ ಏರಿತು. ಹಳೆಯ ಕಾರ್ಯಕರ್ತೆಗೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಇಳಿದವು. 2021ರಲ್ಲಿ ಹೊರಬಂದ ಈ ಅಧ್ಯಯನ ಖರ್ಚಿನ ಹಲವು ಪಟ್ಟು ಲಾಭವನ್ನು ಅಂದಾಜಿಸಿತು. ಕೈ ಹೆಚ್ಚಿಸಿದರೆ ಫಲ ಹೆಚ್ಚುತ್ತದೆ.

ಕೊಡಗಿನಲ್ಲಿ ಆ ಹೆಚ್ಚಿನ ಕೈಗೆ ಕಲಿಸುವ ಕೆಲಸದ ಜೊತೆಗೆ ನಡೆಸುವ ಕೆಲಸವನ್ನೂ ಕೊಡಬಹುದು. ಹಾಡಿಗೋ ಲೈನ್ ಮನೆಗಳ ಗುಂಪಿಗೋ ಕೇಂದ್ರ ಕೊಡಲು ನಿಜವಾಗಿಯೂ ಆಗದ ಕಡೆ ಅಲ್ಲಿನದೇ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಟ್ಟು ಎಂಟು ಮಕ್ಕಳನ್ನು ಬೆಳಗ್ಗೆ ಕರೆದೊಯ್ಯಲು, ಸಂಜೆ ಕರೆತರಲು ಹೇಳಬಹುದು. ಅವಳ ವರ್ಷದ ಖರ್ಚು ನಮ್ಮ ಹಿಂದಿನ ಲೆಕ್ಕದಲ್ಲಿ 52,000 ರೂಪಾಯಿ. ಈ ಬಗೆಯ ಖರ್ಚಿಗೆ ಸರ್ಕಾರದಲ್ಲಿ ದಾರಿಯೇ ಇಲ್ಲವೆನ್ನುವಂತಿಲ್ಲ. ಶಾಲೆ ದೂರವಿರುವ 1ರಿಂದ 8ನೇ ತರಗತಿಯ ಮಗುವಿನ ಸಾಗಾಟಕ್ಕೆ, ಜೊತೆಗಾರರಿಗೆ ಸಮಗ್ರ ಶಿಕ್ಷಣ ಯೋಜನೆ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡುತ್ತದೆ. ಅದನ್ನು ಮೂರು ವರ್ಷದ ಮಗುವಿಗೂ ವಿಸ್ತರಿಸಿದರೆ ಎಂಟು ಮಕ್ಕಳಿಗೆ 48,000. ಉಳಿಯುವ ಕೊರತೆ, ಎಂಟು ಮಕ್ಕಳ ಒಂದು ವರ್ಷಕ್ಕೆ, 4,000 ರೂಪಾಯಿ.